ಆಕಾಶದಲ್ಲಿ ಮುಷ್ಕರ ನಡೆದೇ ಇಲ್ಲ

ಭಾಗ 1

ಮೊದಲು ಒಂದು ತಪ್ಪೊಪ್ಪಿಗೆ. ಹೋದ ತಿಂಗಳು ಮ್ಯಾನೇಜ್‌ಮೆಂಟ್ ಸೆಮಿನಾರ್‌ನಲ್ಲಿ ನಾನು ಹೇಳಿದ ಕಥೆ ನೆನಪಿದೆಯಾ? 1973ರಲ್ಲಿ ಸ್ಕೈಲ್ಯಾಬ್ ಅನ್ನೋ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಮೂವರು ಅಮೆರಿಕನ್ ಗಗನಯಾತ್ರಿಗಳು ಕೆಲಸ ವಿಪರೀತ ಆಯ್ತು ಅಂತ ರೇಡಿಯೋ ಆಫ್ ಮಾಡಿ, ಇಡೀ ದಿನ ಮುಷ್ಕರ ಮಾಡಿ, ಕಿಟಕಿ ಹತ್ರ ಕೂತು ಭೂಮಿ ನೋಡ್ತಾ ಇದ್ರು, ಕೆಳಗೆ ನಾಸಾ ಬೆವರ್ತಾ ಇತ್ತು ಅಂತ. ಹಿಂದಿನ ಬೆಂಚಿನವರು ಶಿಳ್ಳೆ ಹೊಡೆದಿರಿ. ನನಗೆ ಹತ್ತಕ್ಕೆ ಒಂಬತ್ತು ಮಾರ್ಕ್ಸ್ ಬಂತು.

ಆ ಕಥೆ ಸುಳ್ಳು.

ಪೂರ್ತಿ ಸುಳ್ಳಲ್ಲ. ಮೂವರು ಇದ್ದದ್ದು ನಿಜ, ಕೆಲಸ ಜಾಸ್ತಿ ಆಗಿದ್ದು ನಿಜ, ಜಗಳದಂಥದ್ದು ಒಂದು ಆಗಿದ್ದೂ ನಿಜ. ಆದರೆ ಮುಷ್ಕರ ಅನ್ನೋದು ನಡೆದಿಲ್ಲ. ನಾನು ಸೆಮಿನಾರ್ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಒಂದು ರೀಲ್ ನೋಡಿ, ಎರಡು ವೆಬ್‌ಸೈಟ್ ತೆರೆದು ಸ್ಲೈಡ್ ಮಾಡಿದ್ದೆ. ಆಮೇಲೆ ಕುತೂಹಲಕ್ಕೆ ಓದ್ತಾ ಹೋದೆ. ಓದಿದಷ್ಟೂ ಮುಖ ಸಣ್ಣ ಆಯ್ತು. ಅದಕ್ಕೇ ಈ ವಾರದ ಉದ್ದ ಕ್ಯಾಪ್ಶನ್ ಇದರ ಮೇಲೆ. ಒಂಬತ್ತು ಭಾಗ ಇದೆ, ಒಂದೊಂದು ಫೋಟೋ ಕೆಳಗೆ ಒಂದೊಂದು. ಊಟ ಆದ್ಮೇಲೆ ಓದಿ.

ನನ್ನ ವಾದ ಇಷ್ಟು: ನಿಜವಾಗಿ ನಡೆದದ್ದು ಆ ಮುಷ್ಕರದ ಕಥೆಗಿಂತ ನಮಗೆ ಹೆಚ್ಚು ಕೆಲಸಕ್ಕೆ ಬರತ್ತೆ. ಆ ಸುಳ್ಳು ಕಥೆ ನಮ್ಮಂಥ ಇಪ್ಪತ್ತರ ಹುಡುಗ ಹುಡುಗಿಯರಿಗೆ ಸ್ವಲ್ಪ ಹಾನಿಯನ್ನೂ ಮಾಡತ್ತೆ.

ಭಾಗ 2

ಫೋಟೋ ನೋಡಿ. ಗಾಳಿಯಂತ್ರದ ರೆಕ್ಕೆಗಳ ಥರ ನಾಲ್ಕು ಫಲಕ, ಕೆಳಗೆ ಒಂದೇ ಒಂದು ಉದ್ದ ರೆಕ್ಕೆ, ಮೈಮೇಲೆ ಬಂಗಾರದ ಬಣ್ಣದ ಬಟ್ಟೆ ಹೊದಿಸಿದ ಹಾಗೆ. ಇದೇ ಸ್ಕೈಲ್ಯಾಬ್. 1974ರ ಫೆಬ್ರವರಿಯಲ್ಲಿ ಕೊನೆಯ ತಂಡ ವಾಪಸ್ ಹೊರಟಾಗ ತೆಗೆದದ್ದು.

ನಮ್ಮಜ್ಜಿಗೆ ಈ ಫೋಟೋ ತೋರಿಸಿದೆ. ಅರಸೀಕೆರೆ ಕಡೆಯ ಹಳ್ಳಿಯವರು, ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟವರು. "ಓ, ಇದೇನಾ ಅವತ್ತು ನಮ್ಮ್ ತಲೆ ಮೇಲ್ ಬೀಳತ್ತೆ ಅಂತಿದ್ದಿದ್ದು" ಅಂದ್ರು! ನಾನು ಬೆಚ್ಚಿಬಿದ್ದೆ. 1979ರಲ್ಲಿ ಸ್ಕೈಲ್ಯಾಬ್ ಭೂಮಿಗೆ ಬೀಳತ್ತೆ ಅಂತ ರೇಡಿಯೋದಲ್ಲಿ ಬಂದಾಗ ಎಲ್ಲಿ ಬೀಳತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಆಗ ಹೊಸ ಸೊಸೆ. ಊರಲ್ಲಿ ಕೆಲವರು ಸಾಯೋದಾದ್ರೆ ತಿಂದೇ ಸಾಯೋಣ ಅಂತ ಮನೆ ಕೋಳಿ ಎಲ್ಲ ಕುಯ್ದುಬಿಟ್ರಂತೆ. ಮಾರನೇ ದಿನ ಯಾರೂ ಸಾಯಲಿಲ್ಲ, ಕೋಳಿನೂ ಇರಲಿಲ್ಲ. "ಮೊಟ್ಟೆಗೆ ನಮ್ಮನೆಗೇ ಬರೋರು ಕಣೇ ಆಮೇಲೆ" ಅಂತ ಅಜ್ಜಿ ಇನ್ನೂ ನಗ್ತಾರೆ. ಅದು ಬಿದ್ದದ್ದು 1979ರ ಜುಲೈ 11ಕ್ಕೆ, ಹಿಂದೂ ಮಹಾಸಾಗರ ಮತ್ತು ಆಸ್ಟ್ರೇಲಿಯಾದ ಪಶ್ಚಿಮ ಭಾಗದ ಮೇಲೆ. ಅಲ್ಲಿನ ಎಸ್ಪೆರೆನ್ಸ್ ಅನ್ನೋ ಊರಿನ ಸ್ಥಳೀಯ ಆಡಳಿತ ಕಸ ಹಾಕಿದ್ದಕ್ಕೆ ನಾಸಾಗೆ 400 ಡಾಲರ್ ದಂಡ ಹಾಕಿತ್ತು. ತಮಾಷೆಗೇ ಹಾಕಿದ್ದು, ಆದ್ರೂ ದಂಡ ದಂಡನೇ.

ಅಂದ್ರೆ ಇದು ತೀರಾ ಯಾರದ್ದೋ ಕಥೆ ಅಲ್ಲ. ಅಜ್ಜಿಗೆ ಅದು ಬಿದ್ದದ್ದು ಗೊತ್ತು, ನನಗೆ ಅದರಲ್ಲಿ ಮುಷ್ಕರ ಆಗಿದ್ದು 'ಗೊತ್ತು'. ಅಲ್ಲಿ ಜನ ಹೇಗೆ ಬದುಕಿದ್ರು ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಭಾಗ 3

ಸ್ವಲ್ಪ ಹಿನ್ನೆಲೆ, ಬೇಗ ಮುಗಿಸ್ತೀನಿ.

ಪ್ರಪಂಚದ ಮೊದಲ ಬಾಹ್ಯಾಕಾಶ ನಿಲ್ದಾಣ ಸೋವಿಯತ್ ಒಕ್ಕೂಟದ ಸಲ್ಯೂಟ್ 1, 1971ರದ್ದು. ಅಲ್ಲಿ ಇದ್ದು ಬಂದ ಮೂವರು, ಡೊಬ್ರೊವೊಲ್ಸ್ಕಿ, ವೋಲ್ಕೊವ್, ಪತ್ಸಾಯೆವ್, ವಾಪಸ್ ಬರುವಾಗ ನೌಕೆಯ ಗಾಳಿ ಸೋರಿ ತೀರಿಕೊಂಡರು. ಹಾಗಾಗಿ 1973ರಲ್ಲಿ ನಿಲ್ದಾಣದಲ್ಲಿ ವಾಸ ಮಾಡೋದು ಅಂದ್ರೆ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲದ ವಿಷಯ.

ಸ್ಕೈಲ್ಯಾಬ್ 1973ರ ಮೇ 14ಕ್ಕೆ ಜನ ಇಲ್ಲದೆ ಮೇಲೆ ಹೋಯ್ತು. ಹೋಗ್ತಾನೇ ಏಟು ತಿಂತು. ರಕ್ಷಣೆಯ ಹೊದಿಕೆ ಹರಿದು, ಸೌರಫಲಕದ ಒಂದು ರೆಕ್ಕೆ ಕಿತ್ತುಹೋಗಿ, ಇನ್ನೊಂದು ಸಿಕ್ಕಿಹಾಕಿಕೊಂಡು ಒಳಗೆ ಒಲೆಯ ಹಾಗೆ ಕಾಯೋಕೆ ಶುರುವಾಯ್ತು. ಮೊದಲ ತಂಡ, ಕಾನ್ರಾಡ್, ಕರ್ವಿನ್, ವೈಟ್ಸ್, ಮೇ 25ಕ್ಕೆ ಹೋಗಿ ಕೊಡೆಯ ಥರದ ಒಂದು ನೆರಳು ಬಿಚ್ಚಿ, ಜೂನ್ 7ಕ್ಕೆ ಹೊರಗೆ ಇಳಿದು ಸಿಕ್ಕಿಕೊಂಡಿದ್ದ ರೆಕ್ಕೆ ಬಿಡಿಸಿದರು. 28 ದಿನ ಇದ್ರು. ಫೋಟೋದಲ್ಲಿ ಒಂದೇ ರೆಕ್ಕೆ ಯಾಕಿದೆ ಅಂತ ಈಗ ಗೊತ್ತಾಯ್ತಲ್ಲ.

ಎರಡನೇ ತಂಡ ಬೀನ್, ಗ್ಯಾರಿಯಟ್, ಲೌಸ್ಮಾ. 59 ದಿನ. ಇವರು ನಮ್ಮ ಕ್ಲಾಸಿನ ಫಸ್ಟ್ ಬೆಂಚ್. ಕೊಟ್ಟ ಕೆಲಸ ಮುಗಿಸಿ ಇನ್ನೂ ಕೊಡಿ ಅಂತ ಕೇಳೋರು. ಹೋಗುವಾಗ ಬಟ್ಟೆಗಳಲ್ಲಿ ತುಂಬಿಸಿ ಮೂರು ಗೊಂಬೆ ಮಾಡಿ ಮುಂದಿನವರನ್ನ ಹೆದರಿಸೋಕೆ ಇಟ್ಟು ಬಂದ್ರು. ಒಂದನ್ನ ವ್ಯಾಯಾಮದ ಸೈಕಲ್ ಮೇಲೆ, ಒಂದನ್ನ ಟಾಯ್ಲೆಟ್ಟಲ್ಲಿ.

ಒಂದು ಮಾತು ಇಲ್ಲೇ ಗಮನಿಸಿ, ಆಮೇಲೆ ಬೇಕಾಗತ್ತೆ. ಈ ಫಸ್ಟ್ ಬೆಂಚಿನವರೂ ಮೊದಲ ಕೆಲವು ದಿನ ಮೂವರೂ ತಲೆಸುತ್ತು, ವಾಕರಿಕೆಯಲ್ಲಿ ನರಳಿದ್ರು, ಕೆಲಸ ಹಿಂದೆ ಬಿದ್ದಿತ್ತು. ವೇಗ ಬಂದದ್ದು ಆಮೇಲೆ.

ಭಾಗ 4

ಈಗ ನಮ್ಮ ಮೂವರು. ಜೆರಾಲ್ಡ್ ಕಾರ್ ನಾಯಕ, ಎಡ್ವರ್ಡ್ ಗಿಬ್ಸನ್ ಸೂರ್ಯನ ಮೇಲೆ ಅಧ್ಯಯನ ಮಾಡಿದ ವಿಜ್ಞಾನಿ, ವಿಲಿಯಂ ಪೋಗ್ ಪೈಲಟ್. 1973ರ ನವೆಂಬರ್ 16ಕ್ಕೆ ಹೊರಟ್ರು. ಮೂವರಿಗೂ ಇದೇ ಮೊದಲ ಬಾಹ್ಯಾಕಾಶ ಯಾನ. ಹಿಂದಿನ ಎರಡೂ ತಂಡದ ನಾಯಕರು ಚಂದ್ರನ ಮೇಲೆ ನಡೆದು ಬಂದವರು. ಇವರು ಫ್ರೆಶರ್ಸ್.

ಮೊದಲ ರಾತ್ರಿನೇ ಪೋಗ್‌ಗೆ ವಾಂತಿ ಆಯ್ತು. ಕೆಳಗೆ ಹೇಳಿದ್ರೆ ಡಾಕ್ಟರುಗಳು ಗಾಬರಿ ಆಗ್ತಾರೆ, ಕೆಲಸ ಮುಂದೂಡ್ತಾರೆ, ಹೊಸಬರು ಅಂತ ಎಲ್ಲರೂ ನೋಡ್ತಾರೆ. ಹೇಳೋದು ಬೇಡ, ಆ ಚೀಲ ಕಸದ ಕಿಂಡಿಗೆ ಹಾಕಿಬಿಡೋಣ ಅಂತ ಮೂವರೂ ಮಾತಾಡಿಕೊಂಡ್ರು. ಆದರೆ ನೌಕೆಯ ಒಳಗಿನ ಟೇಪ್ ರೆಕಾರ್ಡರ್ ಓಡ್ತಾ ಇತ್ತು! ಆ ರೆಕಾರ್ಡಿಂಗ್ ಹಾಗೇ ಹ್ಯೂಸ್ಟನ್‌ಗೆ ತಲುಪ್ತು. ಗಗನಯಾತ್ರಿಗಳ ಕಚೇರಿಯ ಮುಖ್ಯಸ್ಥ ಆಲನ್ ಶೆಪರ್ಡ್ (ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಅವರೇ) ಎಲ್ಲರೂ ಕೇಳೋ ಹಾಗೆ ರೇಡಿಯೋದಲ್ಲೇ, ನೀವು ಮಾಡಿದ್ದು ದೊಡ್ಡ ತಪ್ಪು ಅಂತ ಹೇಳಿಬಿಟ್ರು. ಕಾರ್ ಒಪ್ಪಿಕೊಂಡ್ರು.

ನನಗೆ ಈ ಘಟನೆ ಇಡೀ ಕಥೆಯಲ್ಲೇ ಮುಖ್ಯ ಅನ್ನಿಸತ್ತೆ. ಮುಷ್ಕರದ ಕಥೆ ಹೇಳೋರು ಇದನ್ನ ಒಂದು ಸಾಲಿನಲ್ಲಿ ಮುಗಿಸ್ತಾರೆ. ಯೋಚನೆ ಮಾಡಿ. ಕೆಲಸಕ್ಕೆ ಸೇರಿದ ಎರಡನೇ ದಿನಕ್ಕೇ ಎಲ್ಲರ ಎದುರು ಬೈಸಿಕೊಂಡಿದ್ದೀರಿ, ಅದೂ ಮುಚ್ಚಿಟ್ಟಿದ್ದಕ್ಕೆ. ಆಮೇಲೆ ನೀವು 'ಸಾರ್, ಕೆಲಸ ಜಾಸ್ತಿ ಆಗ್ತಿದೆ' ಅಂತ ಬಾಯಿ ಬಿಡ್ತೀರಾ? ನಾನಂತೂ ಬಿಡಲ್ಲ. ಹಲ್ಲು ಕಚ್ಚಿ ಮಾಡ್ತೀನಿ. ಅವರೂ ಅದೇ ಮಾಡಿದ್ರು, ಆರು ವಾರ.

ಭಾಗ 5

ಆ ಆರು ವಾರ ಹೇಗಿತ್ತು ಗೊತ್ತಾ?

ಪ್ರತಿದಿನದ ಕೆಲಸದ ಪಟ್ಟಿ ಭೂಮಿಯಿಂದ ಟೆಲಿಪ್ರಿಂಟರ್‌ನಲ್ಲಿ ಬರೋದು. ನಿಮಿಷ ನಿಮಿಷಕ್ಕೆ ಲೆಕ್ಕ. ಈಗ ಸೂರ್ಯನ ದೂರದರ್ಶಕ, ಆಮೇಲೆ ಭೂಮಿಯ ಚಿತ್ರ, ಆಮೇಲೆ ರಕ್ತ ಪರೀಕ್ಷೆ, ಆಮೇಲೆ ವ್ಯಾಯಾಮ. ಒಂದು ಪ್ರಯೋಗ ಮುಗಿಸಿ ನಿಲ್ದಾಣದ ಆ ತುದಿಯಿಂದ ಈ ತುದಿಗೆ ತೇಲ್ಕೊಂಡು ಬರೋಕೆ ಬೇಕಾದ ಸಮಯ, ಹಿಂದಿನವರು ಸ್ಕ್ರೂಡ್ರೈವರ್ ಎಲ್ಲಿಟ್ಟಿದ್ದಾರೆ ಅಂತ ಹುಡುಕೋ ಸಮಯ, ಇದಕ್ಕೆಲ್ಲ ಜಾಗ ಸಾಲ್ತಿರಲಿಲ್ಲ. ಕೈಬಿಟ್ಟ ವಸ್ತು ಅಲ್ಲಿ ನೆಲಕ್ಕೆ ಬೀಳಲ್ಲ, ಗಾಳಿಯ ಜೊತೆ ತೇಲಿ ಹೋಗತ್ತೆ. ಏನಾದ್ರೂ ಕಳೆದುಹೋದ್ರೆ ಗಾಳಿ ಎಳೆದುಕೊಳ್ಳೋ ಜಾಲರಿ ಹತ್ರ ಹೋಗಿ ನೋಡ್ತಿದ್ರಂತೆ, ಅಲ್ಲಿ ಅಂಟಿಕೊಂಡಿರೋದು. ನಮ್ಮನೇಲಿ ಎಲ್ಲ ವಸ್ತು ಸೋಫಾ ಸಂದಿಯಲ್ಲಿ ಸಿಗೋ ಹಾಗೆ.

ಇದರ ಮಧ್ಯೆ ನವೆಂಬರ್ 22ಕ್ಕೆ ಆರೂವರೆ ಗಂಟೆ ಬಾಹ್ಯಾಕಾಶ ನಡಿಗೆ. ಮಾರನೇ ದಿನ ನಿಲ್ದಾಣವನ್ನ ಸರಿಯಾದ ದಿಕ್ಕಿಗೆ ಹಿಡಿದಿಡೋ ಮೂರು ದೊಡ್ಡ ಗೈರೋಸ್ಕೋಪುಗಳಲ್ಲಿ ಒಂದು ಕೆಟ್ಟುಹೋಯ್ತು. ಕೊಹೌಟೆಕ್ ಅನ್ನೋ ಧೂಮಕೇತು ಬರ್ತಿದೆ ಅಂತ ಅದರ ಕೆಲಸ ಬೇರೆ ಸೇರ್ತು. ಕ್ರಿಸ್ಮಸ್ ದಿನ ಕಾರ್ ಮತ್ತು ಪೋಗ್ ಏಳು ಗಂಟೆ ಹೊರಗೇ ಇದ್ರು. ಊಟದ ಖಾಲಿ ಡಬ್ಬಿಗಳಲ್ಲಿ ಒಂದು ಕ್ರಿಸ್ಮಸ್ ಮರ ಕಟ್ಟಿದ್ದೇ ಹಬ್ಬ.

ಈಗ ಬಿಕಾಂ ಬುದ್ಧಿ ಓಡಿಸಿ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಸ್ಟ್ಯಾಂಡರ್ಡ್ ಕಾಸ್ಟಿಂಗ್ ಅಧ್ಯಾಯ. ಐಡಿಯಲ್ ಸ್ಟ್ಯಾಂಡರ್ಡ್ ಅಂದ್ರೇನು? ಮಿಷನ್ ಕೆಡಲ್ಲ, ಕರೆಂಟ್ ಹೋಗಲ್ಲ, ಕೆಲಸದವನು ನೀರು ಕುಡಿಯೋಕೆ ಏಳಲ್ಲ ಅಂತ ಅಂದುಕೊಂಡು ಹಾಕಿದ ಗುರಿ. ಅದು ಪೇಪರ್ ಮೇಲೆ ಚೆನ್ನಾಗಿರತ್ತೆ, ನಿಜದಲ್ಲಿ ಪ್ರತಿ ತಿಂಗಳೂ ವೇರಿಯೆನ್ಸ್ ಅಡ್ವರ್ಸ್ ಬರತ್ತೆ, ಆಮೇಲೆ ಬೈಗುಳ ಕೆಲಸದವನಿಗೆ. ಹ್ಯೂಸ್ಟನ್‌ನ ಯೋಜನಾಕಾರರು ಮಾಡಿದ್ದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಎರಡನೇ ತಂಡ ಕೊನೆಯ ವಾರಗಳಲ್ಲಿ ಯಾವ ವೇಗದಲ್ಲಿ ಕೆಲಸ ಮಾಡ್ತಿತ್ತೋ ಹೆಚ್ಚುಕಡಿಮೆ ಅದನ್ನೇ ಹೊಸ ತಂಡದ ಆರಂಭದ ವೇಗ ಅಂತ ಹಿಡಿದ್ರು. ಹಳಬರ ಐವತ್ತನೇ ದಿನ ಹೊಸಬರ ಐದನೇ ದಿನಕ್ಕೆ ಸ್ಟ್ಯಾಂಡರ್ಡ್! ಲರ್ನಿಂಗ್ ಕರ್ವ್ ಅಂತ ಅದೇ ಪುಸ್ತಕದ ಇನ್ನೊಂದು ಅಧ್ಯಾಯ ಇದೆ. ಅದನ್ನ ಯಾರೂ ತೆರೆದಿಲ್ಲ.

ಕೆಟ್ಟ ಮನಸ್ಸಿನಿಂದ ಮಾಡಿದ್ದು ಅಂತ ನಾನು ಹೇಳಲ್ಲ. ಸ್ಕೈಲ್ಯಾಬ್‌ಗೆ ಇದೇ ಕೊನೆಯ ತಂಡ. ಬಿಟ್ಟ ಪ್ರಯೋಗ ಬಿಟ್ಟ ಹಾಗೇ. ಪ್ರತಿಯೊಬ್ಬ ವಿಜ್ಞಾನಿಗೂ ತನ್ನ ಹತ್ತು ನಿಮಿಷ ಬೇಕು. ಎಲ್ಲರ ಹತ್ತು ನಿಮಿಷ ಕೂಡಿಸಿದ್ರೆ ಮೂರು ಜನರ ನಿದ್ದೆ ಹೋಗತ್ತೆ, ಅಷ್ಟೇ. ಅಟೆಂಡೆನ್ಸು, ಇಂಟರ್ನಲ್ಸು, ಅಸೈನ್‌ಮೆಂಟು, ಫೆಸ್ಟು ಎಲ್ಲ ಒಂದೇ ವಾರ ಬಂದಾಗ ನಮಗೂ ಯಾವ ಲೆಕ್ಚರರ್ ಮೇಲೂ ವೈಯಕ್ತಿಕ ಸಿಟ್ಟಿರಲ್ಲ. ಆದ್ರೂ ಸಾಯ್ತೀವಲ್ಲ?

ಭಾಗ 6

ಈಗ ಆ ಪ್ರಸಿದ್ಧ ದಿನಾಂಕ, 1973ರ ಡಿಸೆಂಬರ್ 28. ಮುಷ್ಕರದ ಕಥೆ ಪ್ರಕಾರ ಅವತ್ತು ರೇಡಿಯೋ ಆಫ್ ಆಯ್ತು.

ದಾಖಲೆ ಪ್ರಕಾರ ಆಗಿದ್ದು ಬಹುತೇಕ ಅದರ ಉಲ್ಟಾ. ಅವತ್ತು ಕಾರ್ ಕೂತು ಒಂದು ಸಂದೇಶ ರೆಕಾರ್ಡ್ ಮಾಡಿ ಕೆಳಗೆ ಕಳಿಸಿದ್ರು. ಸಾರಾಂಶ ನನ್ನ ಮಾತಲ್ಲಿ ಹೇಳೋದಾದ್ರೆ: ನಾವು ಅರ್ಧ ದಾರಿಗೆ ಬಂದಿದ್ದೀವಿ, ನಾವು ಎಲ್ಲಿದ್ದೀವಿ ಹೇಳಿ. ನಮ್ಮ ಕೆಲಸ ನಿಮಗೆ ಸಾಲ್ತಾ ಇಲ್ವಾ? ನಮಗೆ ವಿಶ್ರಾಂತಿ ಬೇಕು, ಸುಧಾರಿಸ್ಕೊಳ್ಳೋಕೆ ಸಮಯ ಬೇಕು. ನಿಮ್ಮ ತೊಂದರೆ ಏನು ಅಂತ ನೀವೂ ಹೇಳಿ.

ಡಿಸೆಂಬರ್ 30ರಂದು ಉದ್ದದ ಮಾತುಕತೆ ನಡೀತು. ಕೆಳಗಿಂದ ರಿಚರ್ಡ್ ಟ್ರೂಲಿ ಮಾತಾಡಿದ್ರು, ಅವರೂ ಗಗನಯಾತ್ರಿಯೇ. ಇವರು ತಮ್ಮದೆಲ್ಲ ಹೇಳಿದ್ರು. ನೆಲದವರು ತಮ್ಮ ಕಡೆಯದ್ದು ಹೇಳಿದ್ರು. ಅವರಿಗೆ ಅವತ್ತಿನ ತನಕ ಇದು ಇಷ್ಟು ಕೆಟ್ಟಿದೆ ಅಂತ ಅರ್ಥ ಆಗಿರಲಿಲ್ಲ. ಯಾಕೆ ಅರ್ಥ ಆಗಿರಲಿಲ್ಲ? ಇವರು ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ? ಭಾಗ 4ಕ್ಕೆ ವಾಪಸ್ ಹೋಗಿ.

ಆಮೇಲೆ ಬದಲಾದ್ದು ಏನು ಅನ್ನೋದು ನನಗೆ ತುಂಬಾ ಇಷ್ಟ, ಯಾಕಂದ್ರೆ ಎಲ್ಲ ಸಣ್ಣ ಸಣ್ಣದು. ಊಟದ ಹೊತ್ತಲ್ಲಿ ಕೆಲಸ ಹಾಕಬೇಡಿ. ರಾತ್ರಿ ಊಟ ಆದ್ಮೇಲೆ ದೊಡ್ಡ ಕೆಲಸ ಬೇಡ. ವ್ಯಾಯಾಮದ ಮಧ್ಯೆ ಕರೀಬೇಡಿ (ಆ ತಂಡಕ್ಕೆ ದಿನಕ್ಕೆ ಒಂದೂವರೆ ಗಂಟೆ ವ್ಯಾಯಾಮ ಇತ್ತು). ಗುಡಿಸೋದು ಒರೆಸೋದು, ಸಣ್ಣಪುಟ್ಟ ಪ್ರಯೋಗಗಳನ್ನ ಗಂಟೆಗೆ ಕಟ್ಟಬೇಡಿ. ಒಂದು ಪಟ್ಟಿ ಕೊಡಿ, ಬಿಡುವಾದಾಗ ನಾವೇ ಆರಿಸ್ಕೊಂಡು ಮಾಡ್ತೀವಿ. ಅದಕ್ಕೆ ಅವರಿಟ್ಟ ಹೆಸರು ಶಾಪಿಂಗ್ ಲಿಸ್ಟ್. ಗೋಡೆಗೆ ಅಂಟಿಸಿದ ದಿನಸಿ ಚೀಟಿ!

ಕೆಲಸ ಬಿದ್ದುಹೋಯ್ತಾ? ಇಲ್ಲ. ಮುಂದಿನ ಆರು ವಾರದಲ್ಲಿ ಹಿಂದೆ ಬಿದ್ದಿದ್ದನ್ನ ತುಂಬಿಕೊಂಡ್ರು. 1974ರ ಜನವರಿ 21ಕ್ಕೆ ಗಿಬ್ಸನ್ ಸೂರ್ಯನ ಜ್ವಾಲೆಯೊಂದು ಹುಟ್ಟೋ ಕ್ಷಣದಿಂದಲೇ ದೂರದರ್ಶಕದಲ್ಲಿ ಹಿಡಿದ್ರು. ಅದಕ್ಕೆ ಮೊದಲು ಬಾಹ್ಯಾಕಾಶದಿಂದ ಯಾರೂ ಹಾಗೆ ಹಿಡಿದಿರಲಿಲ್ಲ. ಯಾವಾಗ ಹುಟ್ಟತ್ತೆ ಅಂತ ಹೇಳೋಕಾಗದ ವಿಷಯಕ್ಕೆ ತಾಳ್ಮೆಯಿಂದ ಕಣ್ಣು ನೆಟ್ಟು ಕೂತಿರಬೇಕು. ನಿಮಿಷಕ್ಕೊಂದು ಕೆಲಸ ಇರೋನಿಗೆ ಅದು ಸಾಧ್ಯನಾ, ನೀವೇ ಹೇಳಿ. ಫೆಬ್ರವರಿ 8ಕ್ಕೆ ಇಳಿದಾಗ 84 ದಿನ ಆಗಿತ್ತು, ಭೂಮಿಗೆ 1,214 ಸುತ್ತು. ಅಲ್ಲಿಯವರೆಗೆ ಅಷ್ಟು ದಿನ ಯಾರೂ ಮೇಲಿರಲಿಲ್ಲ. 1978ರಲ್ಲಿ ಸೋವಿಯತ್‌ನವರು ಸಲ್ಯೂಟ್ 6ರಲ್ಲಿ ಆ ದಾಖಲೆ ಮುರಿಯೋ ತನಕ ಇವರದ್ದೇ.

ಭಾಗ 7

ಹಾಗಾದ್ರೆ ಮುಷ್ಕರ ಎಲ್ಲಿಂದ ಬಂತು?

ಗಿಬ್ಸನ್ 2021ರಲ್ಲಿ ಬಿಬಿಸಿಗೆ ಹೇಳಿದ ಪ್ರಕಾರ, ಮೂವರೂ ರೇಡಿಯೋ ಕೇಳೋದರ ಬದಲು ಒಬ್ಬೊಬ್ಬರೇ ಸರದಿ ಮೇಲೆ ಕೇಳೋಣ ಅಂತ ಮಾಡ್ಕೊಂಡಿದ್ರು. ಒಂದು ಸಲ ಸರದಿ ಎಡವಟ್ಟಾಗಿ ಒಂದು ಸುತ್ತು ಪೂರ್ತಿ ಯಾರೂ ಕೇಳ್ತಿರಲಿಲ್ಲ. ಒಂದು ಸುತ್ತು ಅಂದ್ರೆ ಒಂದೂವರೆ ಗಂಟೆ. 'ನೀನು ತಗೊಂಡಿದೀಯ ಅಂದ್ಕೊಂಡೆ', 'ಇಲ್ಲ ನೀನು ಅಂದ್ಕೊಂಡೆ' ಕೇಸು. ಇನ್ನೊಂದು: ಹತ್ತು ದಿನಕ್ಕೊಮ್ಮೆ ಇವರಿಗೆ ರಜೆ ಇತ್ತು, ಮೊದಲೆಲ್ಲ ಅವತ್ತೂ ದುಡೀತಿದ್ರು, ಆಮೇಲೆ ರಜೆಯನ್ನ ರಜೆ ಥರ ತಗೊಂಡ್ರು. ಈ ಎರಡನ್ನ ಬೆರೆಸಿದ್ರೆ ಒಂದು ಒಳ್ಳೆ ಹೆಡ್‌ಲೈನ್.

ಹೆನ್ರಿ ಕೂಪರ್ ಅನ್ನೋ ಲೇಖಕರ 1976ರ ಪುಸ್ತಕ ತಂಡದ ಅಸಮಾಧಾನವನ್ನ ದೊಡ್ಡದಾಗಿ ಬರೀತು. 1980ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಇದನ್ನ 'ಸ್ಟ್ರೈಕ್ ಇನ್ ಸ್ಪೇಸ್' ಅನ್ನೋ ಹೆಸರಲ್ಲಿ ಕೇಸ್ ಸ್ಟಡಿ ಮಾಡ್ತು. ಹಾರ್ವರ್ಡ್ ಹೆಸರು ಬಿದ್ದ ಮೇಲೆ ಮುಗೀತು. ಅಲ್ಲಿಂದ ಮ್ಯಾನೇಜ್‌ಮೆಂಟ್ ಕ್ಲಾಸುಗಳಿಗೆ, ಅಲ್ಲಿಂದ ರೀಲ್‌ಗೆ, ರೀಲ್‌ನಿಂದ ನನ್ನ ಸ್ಲೈಡ್‌ಗೆ, ಅಲ್ಲಿಂದ ನಿಮ್ಮ ಶಿಳ್ಳೆಗೆ.

ಮುಷ್ಕರದ ಪರ ಇರೋರು ಒಂದು ಪುರಾವೆ ಕೊಡ್ತಾರೆ: ಮೂವರೂ ಮತ್ತೆ ಯಾವತ್ತೂ ಹಾರಲಿಲ್ಲ, ಅಂದ್ರೆ ನಾಸಾ ಶಿಕ್ಷೆ ಕೊಡ್ತು. ನಾನೂ ಸೆಮಿನಾರ್‌ನಲ್ಲಿ ಇದನ್ನೇ ಕೊನೆಯ ಸ್ಲೈಡ್ ಮಾಡಿದ್ದೆ, ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಆದರೆ ಸ್ಕೈಲ್ಯಾಬ್‌ಗೆ ಇದೇ ಕೊನೆಯ ತಂಡ. 1975ರ ಜುಲೈನಲ್ಲಿ ಸೋವಿಯತ್ ಜೊತೆಗಿನ ಒಂದು ಜಂಟಿ ಯಾನ ಬಿಟ್ಟರೆ 1981ರ ಏಪ್ರಿಲ್‌ನಲ್ಲಿ ಶಟಲ್ ಹಾರೋ ತನಕ ಒಬ್ಬ ಅಮೆರಿಕನ್ನೂ ಬಾಹ್ಯಾಕಾಶಕ್ಕೆ ಹೋಗಿಲ್ಲ. ಹೋಗೋಕೆ ಬಸ್ಸೇ ಇರಲಿಲ್ಲ. ಅಷ್ಟರಲ್ಲಿ ಕಾರ್, ಪೋಗ್ ನಾಸಾ ಬಿಟ್ಟಿದ್ರು.

ಭಾಗ 8

ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೊಂಡೆ ಅಂದ್ರೆ, ಕಾರಣ ಇದೆ.

ನಿಮ್ಮಲ್ಲಿ ಕೆಲವರಿಗೆ ಗೊತ್ತು, ನಾನು ಸಂಜೆ ಒಂದು ಟ್ಯಾಕ್ಸ್ ಆಫೀಸಿಗೆ ಹೋಗ್ತೀನಿ. ಟ್ಯಾಲಿಯಲ್ಲಿ ಅಂಗಡಿಯವರ ಬಿಲ್ ಎಂಟ್ರಿ. ಸೇರಿದ ದಿನ ಸಾರ್ ಒಂದು ಶೀಟ್ ತೋರಿಸಿದ್ರು, ನನಗಿಂತ ಮುಂಚೆ ಇದ್ದ ಅಕ್ಕ ಸಂಜೆಗೆ 200 ಬಿಲ್ ಮಾಡ್ತಿದ್ರು ಅಂತ. ಆ ಅಕ್ಕ ಎರಡು ವರ್ಷ ಇದ್ದವರು. ಶೀಟಿನಲ್ಲಿ ನನ್ನ ಹೆಸರಿನ ಮುಂದೆ ಮೊದಲ ದಿನದಿಂದಲೇ 200.

ನನಗೆ ಆಗ್ತಿದ್ದದ್ದು ತೊಂಬತ್ತು, ನೂರು. ಮೊದಲ ವಾರ ನಿಜ ಬರೆದೆ. ಸಾರ್ ಏನೂ ಅನ್ನಲಿಲ್ಲ, ಬರೀ ಶೀಟ್ ನೋಡಿ ಹುಬ್ಬೇರಿಸಿದ್ರು. ಎರಡನೇ ವಾರದಿಂದ 180, 190 ಅಂತ ಬರೆಯೋಕೆ ಶುರು ಮಾಡಿದೆ. ಉಳಿದ ಬಿಲ್ಲುಗಳನ್ನ ಒಂದು ಕವರ್‌ಗೆ ಹಾಕಿ ಕೆಳಗಿನ ಡ್ರಾಯರ್‌ಗೆ ತಳ್ಳಿದೆ. ಭಾನುವಾರ ಬಂದು ಮುಗಿಸ್ತೀನಿ ಅಂತ. ಭಾನುವಾರ ಯಾವತ್ತೂ ಅಷ್ಟು ಉದ್ದ ಇರಲ್ಲ.

19ನೇ ತಾರೀಖು ಸಿಕ್ಕಿಬಿದ್ದೆ. ಮಾರನೇ ದಿನ ರಿಟರ್ನ್ ಹಾಕೋ ಕಡೇ ದಿನ. ಒಂದು ಅಂಗಡಿಯ ಲೆಕ್ಕ ತಾಳೆ ಆಗ್ತಿಲ್ಲ ಅಂತ ಸಾರ್ ಹುಡುಕ್ತಾ ಹುಡುಕ್ತಾ ಆ ಡ್ರಾಯರ್ ಎಳೆದ್ರು. ಬೈಲಿಲ್ಲ. ಕವರ್ ಮೇಜಿನ ಮೇಲಿಟ್ಟು, "ಮೊದಲೇ ಹೇಳೋಕೆ ಏನಾಗಿತ್ತಮ್ಮ?" ಅಂದ್ರು ಅಷ್ಟೇ. ರಾತ್ರಿ ಹತ್ತೂವರೆ ತನಕ ಅವರೂ ನಾನೂ ಕೂತು ಮುಗಿಸಿದ್ವಿ. ಅಪ್ಪ ಹೊರಗೆ ಬೈಕ್ ಮೇಲೆ ಕಾಯ್ತಿದ್ರು.

ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಈಗ ಇದೆ. ಸಾರ್, ಆ ಶೀಟಿನಲ್ಲಿ 'ಆಯ್ತು' ಅಂತ ಬರೆಯೋಕೆ ಒಂದು ಕಾಲಂ ಇದೆ. 'ಆಗ್ತಿಲ್ಲ' ಅಂತ ಬರೆಯೋಕೆ ಕಾಲಂ ಇಲ್ಲ. ಮುಚ್ಚಿಟ್ಟದ್ದು ನನ್ನ ತಪ್ಪು, ಪೂರ್ತಿ ನನ್ನದೇ. ಪೋಗ್ ಅವರ ಚೀಲವನ್ನ ಕಸಕ್ಕೆ ಹಾಕೋಣ ಅಂದಿದ್ದೂ ಆ ಮೂವರ ತಪ್ಪೇ. ಆದರೆ ಹೊಸಬರು ಸುಮ್ಮನೆ ಮುಚ್ಚಿಡಲ್ಲ. ಹಳಬರ ಅಳತೆಯ ಅಂಗಿ ಹೊಲಿಸಿ ಕೊಟ್ಟಾಗ, ಸರಿಹೋಗಿಲ್ಲ ಅನ್ನೋಕೆ ನಾಚಿಕೆಯಾಗಿ ಮುಚ್ಚಿಡ್ತಾರೆ.

ಭಾಗ 9

ಇದನ್ನೆಲ್ಲ ಹಾಸ್ಟೆಲ್ ಫ್ರೆಂಡ್ ಒಬ್ಬಳಿಗೆ ಹೇಳಿದೆ. ಅವಳು ಒಂದೇ ಮಾತಲ್ಲಿ ನನ್ನ ಬಲೂನಿಗೆ ಸೂಜಿ ಚುಚ್ಚಿದಳು. "ಲೇ, ಅವರ ಮಾತು ನಾಸಾ ಯಾಕ್ ಕೇಳ್ತು ಹೇಳು. ಆ ಮೂವರನ್ನ ಕೆಲಸದಿಂದ ತೆಗೆದು ನಾಳೆ ಬೇರೆ ಮೂವರನ್ನ ಕಳಿಸೋಕಾಗಲ್ಲ. ನಿನ್ನ ಜಾಗಕ್ಕೆ ಫೋನ್ ಮಾಡಿದ್ರೆ ಸಂಜೆಗೇ ಇನ್ನೊಬ್ಬಳು ಬರ್ತಾಳೆ."

ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಅವಳು ಹೇಳಿದ್ದು ಸರಿ. 435 ಕಿಲೋಮೀಟರ್ ಎತ್ತರದಲ್ಲಿ ಕೂತೋನ ಮಾತಿಗೆ ಇರೋ ತೂಕ ಟ್ಯಾಲಿ ಮುಂದೆ ಕೂತವಳ ಮಾತಿಗೆ ಇಲ್ಲ. ಡೆಲಿವರಿ ಬ್ಯಾಗ್ ಹೊತ್ತ ನಮ್ಮ ಕ್ಲಾಸಿನ ಹುಡುಗರಿಗೆ ಅಷ್ಟೂ ಇಲ್ಲ, ಅವರ ಟೈಮ್‌ಟೇಬಲ್ ಬರೆಯೋದು ಆ್ಯಪ್ಪು, ಅದಕ್ಕೆ ಸಂದೇಶ ರೆಕಾರ್ಡ್ ಮಾಡಿ ಕಳಿಸೋಕಾಗಲ್ಲ. ಒಬ್ಬೊಬ್ಬರ ಮಾತಿಗೆ ತೂಕ ಇಲ್ಲದ ಕಡೆ ಎಲ್ಲರೂ ಸೇರಿ ಕೆಲಸ ನಿಲ್ಲಿಸೋದು ಬೇಕೇ ಆಗತ್ತೆ. ನಾನು ಹೈಸ್ಕೂಲಲ್ಲಿದ್ದಾಗ ಬಸ್ ನೌಕರರ ಮುಷ್ಕರ ಆಗಿ ವಾರಗಟ್ಟಲೆ ನಡೆದುಕೊಂಡು ಹೋಗಿದ್ದೀನಿ, ಆಗಲೂ ನಮ್ಮಪ್ಪ ಅವರನ್ನ ಬೈಲಿಲ್ಲ. ಹಾಗಾಗಿ 'ಮುಷ್ಕರ ಕೆಟ್ಟದ್ದು, ಮಾತುಕತೆ ಒಳ್ಳೇದು' ಅಂತ ನಾನು ಹೇಳ್ತಿದ್ದೀನಿ ಅಂತ ದಯವಿಟ್ಟು ಓದ್ಕೋಬೇಡಿ.

ನಾನು ಹೇಳ್ತಿರೋದು ಬೇರೆ. ಸುಳ್ಳು ಕಥೆಯಲ್ಲಿ ಎರಡೇ ದಾರಿ ಇದೆ: ಬಾಯಿ ಮುಚ್ಕೊಂಡು ದುಡಿ, ಇಲ್ಲಾ ಸ್ವಿಚ್ ಆಫ್ ಮಾಡು. ಆ ರೀಲ್ ನೋಡಿದಾಗ ನನಗೆ ಯಾಕೆ ಅಷ್ಟು ಖುಷಿ ಆಯ್ತು ಅಂತ ಈಗ ಗೊತ್ತಾಗ್ತಿದೆ. ಡ್ರಾಯರ್‌ನಲ್ಲಿ ಕವರ್ ಇತ್ತು, ತಲೆಯೊಳಗೆ ಒಂದು ದಿನ ಫೋನ್ ಆಫ್ ಮಾಡಿ ಹೋಗದೇ ಇದ್ದುಬಿಡೋ ಕನಸಿತ್ತು. ಆ ಕಥೆ ಎರಡನ್ನೂ ಸರಿ ಅಂತು. ಅದರಲ್ಲಿ ಯೋಜನೆ ಬರೆದವರ ಲೆಕ್ಕದ ತಪ್ಪು ಕಾಣಲ್ಲ, ಕೆಲಸದವರ ಸಿಟ್ಟು ಮಾತ್ರ ಕಾಣತ್ತೆ. ಅದಕ್ಕೇ ಅದು ಮ್ಯಾನೇಜರುಗಳಿಗೂ ಇಷ್ಟ, ನಮಗೂ ಇಷ್ಟ. ಅವರಿಗೆ 'ಹೊಸಬರನ್ನ ಹದ್ದುಬಸ್ತಲ್ಲಿಡಿ' ಅಂತ ಕೇಳಿಸತ್ತೆ, ನಮಗೆ 'ಸೇರು ತೀರಿಸ್ಕೋ' ಅಂತ. ಕಾರ್ 2020ರಲ್ಲಿ ತೀರಿಕೊಂಡ್ರು, ಪೋಗ್ 2014ರಲ್ಲಿ. ಮಾಡದ ಬಂಡಾಯದ ಬಗ್ಗೆ ಪ್ರಶ್ನೆ ಕೊನೆ ತನಕ ಅವರ ಬೆನ್ನು ಬಿಡಲಿಲ್ಲ.

ಈಗ ನಮ್ಮ ಬೆಂಗಳೂರಿನ ಇಸ್ರೋ ಕೇಂದ್ರದಲ್ಲೇ ಗಗನಯಾನದ ತಂಡ ತರಬೇತಿ ಪಡೀತಿದೆ. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯದ ಪ್ರಯೋಗನೂ ಜೊತೆಗೆ ಹೋಗಿತ್ತು. ಒಂದು ದಿನ ನಮ್ಮದೇ ನಿಲ್ದಾಣ ಆಗತ್ತೆ, ಅಲ್ಲಿರೋರ ಟೈಮ್‌ಟೇಬಲ್ಲನ್ನ ಯಾರೋ ಇಲ್ಲೇ ಕೂತು ಬರೀತಾರೆ. ಅವರು ಸ್ಕೈಲ್ಯಾಬ್ ಬಗ್ಗೆ ಓದಿರ್ತಾರೆ ಬಿಡಿ, ನನ್ನ ಸ್ಲೈಡ್ ನೋಡದೇ ಇದ್ರೆ ಸಾಕು.

ನನ್ನ ಟಾರ್ಗೆಟ್ ಈಗ 120. ಸಾರ್ ತಾವೇ ಶೀಟಿನಲ್ಲಿ 200 ಹೊಡೆದು 120 ಬರೆದ್ರು. ಇನ್ನೊಂದು ಕಾಲಂ ಹಾಕಿ ಸಾರ್ ಅಂತ ಕೇಳಿದ್ದೀನಿ, "ನೋಡೋಣ" ಅಂದಿದ್ದಾರೆ. ಇನ್ನೂ ಹಾಕಿಲ್ಲ. 19ನೇ ತಾರೀಖು ಈಗಲೂ ಲೇಟಾಗತ್ತೆ.

ಸೋಮವಾರ ಎರಡನೇ ಪಿರಿಯಡ್‌ನಲ್ಲಿ ಐದು ನಿಮಿಷ ಕೇಳಿದ್ದೀನಿ, ಹಳೇ ಸ್ಲೈಡ್ ಹಾಕಿ ಎಲ್ಲೆಲ್ಲಿ ತಪ್ಪು ಅಂತ ಹೇಳೋಕೆ. ಮ್ಯಾಮ್ ಹೂಂ ಅಂದಿದ್ದಾರೆ, ಆದ್ರೆ ಒಂಬತ್ತು ಮಾರ್ಕ್ಸ್ ಏನಾಗತ್ತೋ ಗೊತ್ತಿಲ್ಲ. ಹಿಂದಿನ ಬೆಂಚಿನವರು ಬನ್ನಿ, ಈ ಸಲ ಶಿಳ್ಳೆ ಬೇಡ. ಮತ್ತೆ ನಿಮ್ಮನೇಲಿ 1979ರಲ್ಲಿ ಕೋಳಿ ಕುಯ್ದ ಕಥೆ ಇದ್ರೆ ಕಾಮೆಂಟಲ್ಲಿ ಹಾಕಿ, ಅಜ್ಜಿಗೆ ಓದಿ ಹೇಳ್ಬೇಕು.